ದೇವರಿಗೆ ಗೋದಲಿನೇ ಗತಿಯಾಯ್ತಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಡಿಸೆಂಬರ್ ಬಂತು ಅಂದ್ರೆ ಈ ಪ್ರಶ್ನೆ ಗ್ಯಾರಂಟಿ. ಪಕ್ಕದ ಮನೆಗೆ ಕರ್ಜಿಕಾಯಿ, ಚಕ್ಕುಲಿ, ಕೇಕು ಇಟ್ಟ ತಟ್ಟೆ ಕೊಡೋಕೆ ಹೋದಾಗ ಕೇಳುತ್ತಾರೆ. ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿದಾಗ ಕೇಳುತ್ತಾರೆ. ನಮ್ಮ ಚರ್ಚಿನ ಕಾಯರ್‌ನವರು, ಅಂದ್ರೆ ಹಾಡುವ ತಂಡದವರು, ರಾತ್ರಿ ಕ್ಯಾರಲ್ಸ್ ಅನ್ನುವ ಕ್ರಿಸ್ಮಸ್ ಹಾಡು ಹಾಡಿಕೊಂಡು ಬೀದಿಯಲ್ಲಿ ಹೋಗುವಾಗ ಗೇಟಿನ ಹತ್ತಿರ ನಿಂತು ಕೇಳಿದವರು, ಮಾರನೇ ದಿನ ತರಕಾರಿ ಅಂಗಡಿಯಲ್ಲಿ ಸಿಕ್ಕಾಗ ಕೇಳುತ್ತಾರೆ. "ಅಲ್ಲ ಅಕ್ಕಾ, ಕ್ರಿಸ್ತನನ್ನು ದೇವರು ಅಂತೀರಿ. ಅವನು ದನದ ಕೊಟ್ಟಿಗೆಯಲ್ಲಿ ಹುಟ್ಟಿದ, ಗೋದಲಿಯಲ್ಲಿ ಮಲಗಿದ ಅಂತ ಅಷ್ಟು ಖುಷಿಯಾಗಿ ಹಾಡ್ತೀರಲ್ಲ, ಅದರಲ್ಲಿ ಖುಷಿಪಡೋಕೆ ಏನಿದೆ? ದೇವರಿಗೆ ಒಂದು ಅರಮನೆ ಸಿಗಲಿಲ್ವಾ?"

ಗೇಲಿ ಮಾಡಲು ಕೇಳುವವರು ಕಡಿಮೆ. ನಿಜವಾಗಿ ಅರ್ಥವಾಗದೆ ಕೇಳುವವರೇ ಜಾಸ್ತಿ. ಅವರ ಕಡೆಯಿಂದ ನೋಡಿದರೆ ಪ್ರಶ್ನೆ ಸರಿಯಾಗಿಯೇ ಇದೆ. ದಾವಣಗೆರೆಯವರಿಗೆ ನಮ್ಮ ಧರ್ಮದ ಪರಿಚಯ ಆಗುವುದು ಪಕ್ಕದ ಹರಿಹರದಿಂದ. ಸೆಪ್ಟೆಂಬರ್ 8ರ ಆರೋಗ್ಯ ಮಾತೆಯ, ಅಂದ್ರೆ ಕ್ರಿಸ್ತನ ತಾಯಿ ಮರಿಯಮ್ಮನ, ಹಬ್ಬಕ್ಕೆ ಎಲ್ಲ ಜಾತಿಯವರೂ ಹೋಗುತ್ತಾರೆ, ಹರಕೆ ತೀರಿಸುತ್ತಾರೆ, ಮೇಣದಬತ್ತಿ ಹಚ್ಚುತ್ತಾರೆ. ಆ ಚರ್ಚು 2019ರಲ್ಲಿ ಬಸಿಲಿಕಾ ಆಯ್ತು, ಅಂದ್ರೆ ಪೋಪರಿಂದ ವಿಶೇಷ ಗೌರವ ಪಡೆದ ಚರ್ಚು. ಅಲ್ಲಿ ಅಷ್ಟು ವೈಭವ ಕಂಡವರಿಗೆ, ಅದೇ ತಾಯಿ ಮಗನನ್ನು ದನ ಮೇವು ತಿನ್ನುವ ಜಾಗದಲ್ಲಿ ಮಲಗಿಸಿದಳು ಅಂತ ಡಿಸೆಂಬರಿನಲ್ಲಿ ಹಾಡಿದರೆ ಗೊಂದಲ ಆಗದೇ ಇರುತ್ತದಾ?

ಮೊದಲು ಕಥೆ ಎಷ್ಟಿದೆ ಅಂತ ನೋಡೋಣ. ಜಾಸ್ತಿ ಇಲ್ಲ. ಬೈಬಲಿನಲ್ಲಿ ಲೂಕನ ಶುಭಸಂದೇಶದ ಎರಡನೇ ಅಧ್ಯಾಯ, ಮೊದಲ 20 ವಚನಗಳು. ರೋಮಿನ ಚಕ್ರವರ್ತಿ ಅಗಸ್ಟಸ್ ಜನಗಣತಿಗೆ ಆಜ್ಞೆ ಹೊರಡಿಸುತ್ತಾನೆ. ನಜರೇತಿನ ಜೋಸೆಫ್ ತುಂಬು ಗರ್ಭಿಣಿ ಮರಿಯಳನ್ನು ಕರೆದುಕೊಂಡು ಪೂರ್ವಿಕರ ಊರು ಬೆತ್ಲೆಹೇಮಿಗೆ ಹೋಗುತ್ತಾನೆ. ಅಲ್ಲಿ ಹೆರಿಗೆಯಾಗುತ್ತದೆ. ಉಳಿದುಕೊಳ್ಳುವ ಕಡೆ ಜಾಗ ಇಲ್ಲದ್ದರಿಂದ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸುತ್ತಾಳೆ. ಅಷ್ಟೇ. ಹುಟ್ಟಿಗೆ ಸಿಕ್ಕಿದ್ದು ಒಂದೆರಡು ಸಾಲು. ಅಲ್ಲಿ ಹಿಮ ಇಲ್ಲ. ಬಾಗಿಲು ಹಾಕಿಕೊಳ್ಳುವ ಕಲ್ಲೆದೆಯ ಛತ್ರದವನೂ ಇಲ್ಲ, ನಮ್ಮ ಮಕ್ಕಳ ನಾಟಕದಲ್ಲಿ ಒಳ್ಳೊಳ್ಳೆ ಡೈಲಾಗೆಲ್ಲ ಅವನಿಗೇ ಇರುತ್ತದೆ, ಆ ಮಾತು ಬೇರೆ. ಎತ್ತು, ಕತ್ತೆ ಕೂಡ ಲೂಕನಲ್ಲಿಲ್ಲ. ಅವು ಬಂದದ್ದು ಅದಕ್ಕಿಂತ ಎಷ್ಟೋ ಹಳೆಯ ಪ್ರವಾದಿ ಯೆಶಾಯನಿಂದ. ಎತ್ತಿಗೆ ತನ್ನ ಯಜಮಾನ ಗೊತ್ತು, ಕತ್ತೆಗೆ ಒಡೆಯನ ಗೋದಲಿ ಗೊತ್ತು, ನನ್ನ ಜನಕ್ಕೆ ಮಾತ್ರ ಗೊತ್ತಿಲ್ಲ ಅಂತ ದೇವರು ಬೇಜಾರು ಮಾಡಿಕೊಳ್ಳುವ ಮಾತು ಅಲ್ಲಿದೆ. ಅದನ್ನು ಓದಿದವರು ಎರಡೂ ಪ್ರಾಣಿಗಳನ್ನು ತಂದು ಮಗುವಿನ ಪಕ್ಕ ನಿಲ್ಲಿಸಿದರು.

ಕೊಟ್ಟಿಗೆ ಅನ್ನುವ ಮಾತೂ ಲೂಕನಲ್ಲಿ ಇಲ್ಲ. ಗೋದಲಿ ಇದ್ದ ಮೇಲೆ ಕೊಟ್ಟಿಗೆ ಇರಲೇಬೇಕು ಅಂತ ನಾವು ಅಂದುಕೊಂಡದ್ದು. ಆ ಕಾಲದ ಬಡವರ ಮನೆಗಳಲ್ಲಿ ರಾತ್ರಿ ದನ, ಕತ್ತೆಗಳನ್ನು ಮನೆಯೊಳಗೇ ಕಟ್ಟುತ್ತಿದ್ದರು, ಹಾಗಾಗಿ ಗೋದಲಿ ಇದ್ದದ್ದೂ ಮನೆಯೊಳಗೇ ಇರಬಹುದು ಅಂತ ಕೆಲವು ಪಂಡಿತರು ಹೇಳುತ್ತಾರೆ. ಚಿತ್ರದುರ್ಗದ ಕಡೆಯ ಹಳೇ ಮಾಳಿಗೆ ಮನೆ ನೋಡಿದವರಿಗೆ ಇದು ವಿಚಿತ್ರ ಅನಿಸುವುದಿಲ್ಲ. ಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಅದಕ್ಕಿಂತ ಸ್ವಲ್ಪ ಎತ್ತರದಲ್ಲಿ ಮನುಷ್ಯರು ಮಲಗುವ ಜಾಗ, ನಡುವೆ ಗೋಡೆಯೂ ಇಲ್ಲ. ಅಂಥ ಮನೆಯಲ್ಲಿ ಬೆಳೆದ ಎಷ್ಟೋ ಜನ ಈಗಲೂ ನಮ್ಮ ನಡುವೆ ಇದ್ದಾರೆ. ಅಂದ್ರೆ ಕ್ರಿಸ್ತ ಹುಟ್ಟಿದ್ದು ಯಾವುದೋ ಊಹೆಗೂ ಸಿಗದ ಹೀನ ಸ್ಥಿತಿಯಲ್ಲಲ್ಲ, ದುಡಿದು ತಿನ್ನುವ ಜನ ಹುಟ್ಟುವ ಹಾಗೆ ಹುಟ್ಟಿದ. ನನಗಂತೂ ಇದು ಹಾಡಿನ ಕೊಟ್ಟಿಗೆಗಿಂತ ಜಾಸ್ತಿ ಹಿಡಿಸುತ್ತದೆ.

ಬಡವರೇ ಅಂತ ಹೇಗೆ ಗೊತ್ತು ಅಂದ್ರೆ, ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ ಹೋಗಬೇಕು. ಬಾಣಂತಿಯ ಶುದ್ಧಿಗೆ ಅಂತ ಮರಿಯ, ಜೋಸೆಫ್ ಜೆರುಸಲೇಮಿನ ದೇವಾಲಯಕ್ಕೆ ಹೋಗುತ್ತಾರೆ. ಕಾನೂನಿನ ಪ್ರಕಾರ ಒಂದು ಕುರಿಮರಿ ಒಪ್ಪಿಸಬೇಕು. ಕುರಿಮರಿಗೆ ಗತಿ ಇಲ್ಲದವರು ಎರಡು ಬೆಳವಕ್ಕಿ ಇಲ್ಲವೇ ಎರಡು ಪಾರಿವಾಳದ ಮರಿ ಕೊಡಬಹುದು ಅಂತ ಬೈಬಲಿನ ಯಾಜಕಕಾಂಡದ 12ನೇ ಅಧ್ಯಾಯದಲ್ಲಿ ರಿಯಾಯಿತಿ ಇದೆ. ಲೂಕ ಹೇಳುವುದು ಹಕ್ಕಿಗಳ ಮಾತನ್ನೇ. ಇವರು ಬಡವರು ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಬಿಪಿಎಲ್ ಕಾರ್ಡ್ ತೋರಿಸಿದ ಹಾಗೆ ಹಕ್ಕಿ ತೋರಿಸಿ ಸುಮ್ಮನಾಗುತ್ತಾನೆ. ನಾನು ಕೇಳಿದ ಕ್ರಿಸ್ಮಸ್ ಹಾಡುಗಳಲ್ಲಿ ಈ ಪಾರಿವಾಳದ ಮರಿಗಳು ಸಿಕ್ಕಿದ್ದೇ ಇಲ್ಲ. ಹಾಡು ಕಟ್ಟುವವರು ಯಾಕೆ ಬಿಟ್ಟರೋ!

ಈಗ "ಅರಮನೆ ಸಿಗಲಿಲ್ವಾ" ಅನ್ನುವ ಮಾತಿಗೆ ಬರುತ್ತೇನೆ. ಅರಮನೆ ಈ ಕಥೆಯಲ್ಲಿ ಇದೆ. ಮೊದಲ ಸಾಲಿನಲ್ಲೇ ಇದೆ. ಅಗಸ್ಟಸನ ಹೆಸರು ಲೂಕ ಸುಮ್ನೆ ತಂದದ್ದಲ್ಲ. ಈಗಿನ ಟರ್ಕಿಯಲ್ಲಿರುವ ಪ್ರಿಯೇನೆ ಅನ್ನುವ ಊರಲ್ಲಿ ಕ್ರಿ.ಪೂ. 9ರ ಒಂದು ಶಾಸನ ಸಿಕ್ಕಿದೆ. ಅಗಸ್ಟಸನ ಹುಟ್ಟಿದ ದಿನವೇ ಲೋಕಕ್ಕೆ ಶುಭಸಂದೇಶ ಶುರುವಾದ ದಿನ, ಅವನೇ ರಕ್ಷಕ, ಯುದ್ಧ ನಿಲ್ಲಿಸಿದವನು, ಆದ್ದರಿಂದ ಇನ್ನುಮೇಲೆ ಹೊಸ ವರ್ಷ ಅವನ ಹುಟ್ಟುಹಬ್ಬದಿಂದಲೇ ಶುರುವಾಗಲಿ ಅಂತ ಅದರಲ್ಲಿ ಬರೆದಿದೆ. ಶಾಸನದಲ್ಲಿ ರಾಜನನ್ನು ಆಕಾಶಕ್ಕೆ ಏರಿಸುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ ಬಿಡಿ. ಆದರೆ ಲೂಕ ಮಾಡುವ ಕೆಲಸ ನೋಡಿ. ಶುಭಸಂದೇಶ, ರಕ್ಷಕ, ಶಾಂತಿ, ಚಕ್ರವರ್ತಿಗೆ ಹೇಳುತ್ತಿದ್ದ ಇವೇ ಮಾತುಗಳನ್ನು ದೇವದೂತರ ಬಾಯಲ್ಲಿ ಹಾಕಿ, ಗೋದಲಿಯಲ್ಲಿ ಮಲಗಿದ ಮಗುವಿಗೆ ಹೇಳಿಸುತ್ತಾನೆ. ರೋಮಿನಲ್ಲಿ ಕುಳಿತು ತಲೆ ಎಣಿಸುವವನು ಒಂದು ಕಡೆ, ಆ ಎಣಿಕೆಗೋಸ್ಕರ ಅಲೆದಾಡುವ ಬಸುರಿ ಹೆಂಗಸು ಇನ್ನೊಂದು ಕಡೆ. ದೇವರು ಯಾವ ಕಡೆ ಬಂದ ಅನ್ನುವುದೇ ಕಥೆ.

ಸುದ್ದಿ ಮೊದಲು ಹೋದದ್ದು ಯಾರಿಗೆ? ರಾತ್ರಿ ಬಯಲಿನಲ್ಲಿ ಕುರಿ ಕಾಯುತ್ತಿದ್ದವರಿಗೆ. ಕ್ಯಾರಲ್ ಹಾಡುಗಳಲ್ಲಿ ಈ ಕುರುಬರು ಬಿಳೀ ಬಟ್ಟೆ ಹಾಕಿಕೊಂಡು ಕೊಳಲು ಊದುತ್ತಾ ಚಂದವಾಗಿ ಬರುತ್ತಾರೆ. ಚಳ್ಳಕೆರೆ, ಹಿರಿಯೂರು ಕಡೆ ಡಿಸೆಂಬರಿನಲ್ಲಿ ಬಸ್ಸಿನಲ್ಲಿ ಹೋದವರಿಗೆ ನಿಜವಾದ ಕುರಿ ಕಾಯುವವರು ಕಣ್ಣಿಗೆ ಬೀಳುತ್ತಾರೆ. ಕಟಾವಾದ ಹೊಲದಲ್ಲಿ ಬಲೆ ಕಟ್ಟಿ ಮಂದೆ ತರುಬಿರುತ್ತಾರೆ. ಗೊಬ್ಬರ ಸಿಗುತ್ತದೆ ಅಂತ ಹೊಲದವರು ದುಡ್ಡೋ ಕಾಳೋ ಕೊಡುತ್ತಾರೆ. ಕಂಬಳಿ ಹೊದ್ದು, ನಾಯಿ ಜೊತೆ ರಾತ್ರಿಯೆಲ್ಲ ಎದ್ದಿರಬೇಕು. ತೋಳ ಬರಬಹುದು, ಕಳ್ಳ ಬರಬಹುದು. ಇವತ್ತು ಈ ಹೊಲ, ನಾಳೆ ಇನ್ನೊಂದು. ಊರೊಳಗಿನ ಯಾವ ಶುಭಕಾರ್ಯದ ಆಮಂತ್ರಣವೂ ಅವರಿಗೆ ಮೊದಲು ತಲುಪುವುದಿಲ್ಲ. ಈ ಕಥೆಯಲ್ಲಿ ತಲುಪುತ್ತದೆ. ಅವರಿಗೆ ಕೊಟ್ಟ ಗುರುತು ಕೂಡ ಅವರಿಗೆ ಗೊತ್ತಿರುವಂಥದ್ದೇ: ಗೋದಲಿಯಲ್ಲಿ ಮಲಗಿರುವ ಒಂದು ಮಗು. ಅರಮನೆ ಅಂದಿದ್ರೆ ಕಾವಲುಗಾರ ಒಳಗೆ ಬಿಡುತ್ತಿದ್ದನಾ? ಗೋದಲಿ ಹತ್ತಿರ ಯಾರನ್ನೂ ಕೇಳದೆ ಹೋಗಬಹುದು.

ಇಷ್ಟು ಹೇಳಿದ ಮೇಲೂ ಕೆಲವರು, "ಸರಿ ಅಕ್ಕಾ, ಪಾಪ ಕಷ್ಟದಲ್ಲಿ ಹುಟ್ಟಿದ. ಆದ್ರೆ ಅದು ಹಾಡುವ ವಿಷಯಾನಾ?" ಅಂತಾರೆ. ಇಲ್ಲೇ ಹಾಡುಗಳ ವಿಷಯ ಬರುತ್ತದೆ. ನಮ್ಮ ಹಾಡುಗಳು 'ಪಾಪ' ಅನ್ನುವುದಿಲ್ಲ. ಕಷ್ಟ ತಾನಾಗಿ ಬಂತು ಅನ್ನುವುದಿಲ್ಲ. ಅವನೇ ಆರಿಸಿಕೊಂಡ ಅನ್ನುತ್ತವೆ.

ಈ ಮಾತು ಕ್ರಿಸ್ಮಸ್ ಹಬ್ಬಕ್ಕಿಂತ ಹಳೆಯದು. ಡಿಸೆಂಬರ್ 25ರಂದು ಕ್ರಿಸ್ತನ ಹುಟ್ಟನ್ನು ಆಚರಿಸಿದ್ದಕ್ಕೆ ಸಿಗುವ ಮೊದಲ ದಾಖಲೆ ರೋಮಿನದು, 336ನೇ ಇಸವಿಯದು. ಅದಕ್ಕೂ ಸುಮಾರು ಮುನ್ನೂರು ವರ್ಷ ಮೊದಲು ಸಂತ ಪೌಲ ಫಿಲಿಪ್ಪಿ ಊರಿನ ಸಭೆಗೆ ಬರೆದ ಪತ್ರದಲ್ಲಿ ಒಂದು ಭಾಗ ಇದೆ. ದೇವರ ಸ್ವರೂಪದಲ್ಲಿದ್ದವನು ಆ ಸ್ಥಾನಕ್ಕೆ ಅಂಟಿಕೊಳ್ಳದೆ ತನ್ನನ್ನೇ ಬರಿದು ಮಾಡಿಕೊಂಡ, ಗುಲಾಮನ ರೂಪ ತೊಟ್ಟ ಅಂತ. ಅದು ಆಗಲೇ ಜನ ಹಾಡುತ್ತಿದ್ದ ಹಾಡಿರಬೇಕು, ಪೌಲ ಅದನ್ನು ಪತ್ರದಲ್ಲಿ ಸೇರಿಸಿಕೊಂಡ ಅಂತ ಬಹಳ ವಿದ್ವಾಂಸರ ಅಭಿಪ್ರಾಯ. ಐದನೇ ಶತಮಾನದಲ್ಲಿ ಸೆಡೂಲಿಯುಸ್ ಅನ್ನುವ ಕವಿ ಲ್ಯಾಟಿನ್‌ನಲ್ಲಿ ಬರೆದ ಹಾಡೊಂದನ್ನು ಈಗಲೂ ಕ್ರಿಸ್ಮಸ್ ಕಾಲದ ಪ್ರಾರ್ಥನೆಯಲ್ಲಿ ಹಾಡುತ್ತಾರೆ. ಅದರ ಒಂದು ಪದ್ಯದ ಅರ್ಥ ಹೀಗೆ: ಹುಲ್ಲಿನ ಮೇಲೆ ಮಲಗುವುದನ್ನು ಸಹಿಸಿದ, ಗೋದಲಿ ಅಂತ ಅಸಹ್ಯಪಡಲಿಲ್ಲ, ಯಾರ ದಯದಿಂದ ಹಕ್ಕಿ ಕೂಡ ಹಸಿದಿರುವುದಿಲ್ಲವೋ ಅವನು ಸ್ವಲ್ಪ ಹಾಲು ಕುಡಿದು ಹೊಟ್ಟೆ ತುಂಬಿಸಿಕೊಂಡ. ಈ 'ಅಸಹ್ಯಪಡಲಿಲ್ಲ' ಅನ್ನುವ ಕಡೆ ನಾನು ಪ್ರತಿ ಸಲ ನಿಲ್ಲುತ್ತೇನೆ. ಇನ್ನೊಬ್ಬರ ಮನೆಯಲ್ಲಿ ಕೂರೋಕೆ, ನೀರು ಕುಡಿಯೋಕೆ ಹಿಂದೆಮುಂದೆ ನೋಡುವವರ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ನಮ್ಮ ಊರಿನವರಿಗೆ ಇದನ್ನು ಅರ್ಥ ಮಾಡಿಸಲು ನನಗೆ ಸೆಡೂಲಿಯುಸನಿಗಿಂತ ಬಸವಣ್ಣನವರು ಜಾಸ್ತಿ ಸಹಾಯ ಮಾಡಿದ್ದಾರೆ. ಅವರ ಒಂದು ವಚನ ಇದೆ. ಚೆನ್ನಯ್ಯನ ಮನೆಯ ದಾಸನ ಮಗ, ಕಕ್ಕಯ್ಯನ ಮನೆಯ ದಾಸಿಯ ಮಗಳು, ಇಬ್ಬರೂ ಹೊಲಕ್ಕೆ ಬೆರಣಿ ಆರಿಸಲು ಹೋಗಿ ಕೂಡಿದರು, ಅವರಿಗೆ ಹುಟ್ಟಿದ ಮಗ ನಾನು ಅನ್ನುತ್ತಾರೆ. ಬಿಜ್ಜಳನ ಭಂಡಾರ ನೋಡಿಕೊಂಡವರು, ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವರು ಈ ಮಾತು ಹೇಳುವುದು. ಅದನ್ನು ಕೇಳಿ ಯಾರಾದರೂ "ಪಾಪ ಬಸವಣ್ಣ" ಅಂತಾರಾ? ಯಾರೂ ಅನ್ನಲ್ಲ. ಹೆಮ್ಮೆಯಿಂದ ಹೇಳುತ್ತಾರೆ. ಯಾಕೆಂದ್ರೆ ಅವರು ಆ ಮಾತು ಆಡಿದ ಮೇಲೆ ಬೆರಣಿ ಆರಿಸುವವರ ಮಕ್ಕಳು ತಮ್ಮ ಹುಟ್ಟಿಗೆ ತಲೆ ತಗ್ಗಿಸಬೇಕಾಗಿಲ್ಲ. ಕ್ರಿಸ್ತ ಮತ್ತು ಬಸವಣ್ಣ ಇಬ್ಬರೂ ಒಂದೇ ಅಂತ ನಾನು ಹೇಳುತ್ತಿಲ್ಲ, ಹಾಗಂದ್ರೆ ಎರಡೂ ಕಡೆಯವರು ಬೈತಾರೆ. ಮೇಲಿದ್ದವನು ತಾನಾಗಿ ಕೆಳಗೆ ಇಳಿದು ಬಂದು, ಇದೇ ನನ್ನ ಹುಟ್ಟು, ಇವರೇ ನನ್ನವರು ಅಂದಾಗ ಕೆಳಗಿದ್ದವರಿಗೆ ಆಗುವ ಖುಷಿ ಇದೆಯಲ್ಲ, ನಾವು ಹಾಡುವುದು ಆ ಖುಷಿಯನ್ನು.

ಇನ್ನು ನನ್ನ ತಕರಾರು. ಈ ಹಾಡುಗಳನ್ನು ಹಾಡಿ ಹಾಡಿ ನಾವು ಗೋದಲಿಯ ವಾಸನೆ ತೆಗೆದುಬಿಟ್ಟಿದ್ದೇವೆ. 'ಅವೇ ಇನ್ ಎ ಮೇಂಜರ್' ಹಾಡಿನಲ್ಲಿ ದನಗಳು ಕೂಗಿ ಮಗು ಎಚ್ಚರವಾದರೂ ಅಳುವುದಿಲ್ಲವಂತೆ. ಯಾವ ಮಗು ಸ್ವಾಮಿ ಅಳದೇ ಇರೋದು? ಅಳದ ಮಗುವನ್ನು ನಮ್ಮ ಅಜ್ಜಿಯಂದಿರು ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. 1880ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ಹಾಡದು. ಜರ್ಮನಿಯ ಧರ್ಮ ಸುಧಾರಕ ಮಾರ್ಟಿನ್ ಲೂಥರ್ ಬರೆದದ್ದು ಅಂತ ಬಹಳ ಕಾಲ ಜನ ನಂಬಿದ್ದರು, ಅದು ಸುಳ್ಳು. ಹಬ್ಬಕ್ಕೆ ಅಲಂಕಾರವಾಗಿ ನಾವು ಕಟ್ಟುವ ಗೋದಲಿಗಳೂ ಹಾಗೇ ಆಗಿವೆ. 1223ರಲ್ಲಿ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೋ ಊರಿನಲ್ಲಿ ಕ್ರಿಸ್ಮಸ್ ರಾತ್ರಿ ನಿಜವಾದ ಹುಲ್ಲು ಹರಡಿ, ನಿಜವಾದ ಎತ್ತು, ಕತ್ತೆ ತಂದು ನಿಲ್ಲಿಸಿದ. ಆ ಮಗು ಎಷ್ಟು ಕಷ್ಟಪಟ್ಟಿತು ಅಂತ ಕಣ್ಣಾರೆ ನೋಡಬೇಕು ಅಂತ ಅವನ ಆಸೆ. ನಾವು ಎಲ್‌ಇಡಿ ಸರ, ಥರ್ಮಾಕೋಲ್ ಬೆಟ್ಟ, ಹತ್ತಿಯ ಹಿಮ ಹಾಕಿ, ಯಾರ ಗೋದಲಿಗೆ ಫಸ್ಟ್ ಪ್ರೈಜ್ ಅಂತ ನೋಡುತ್ತೇವೆ. ದಾವಣಗೆರೆಯಲ್ಲಿ ಹಿಮ! ಹತ್ತಿಗೆ ಮಾತ್ರ ಈ ಊರಲ್ಲಿ ಯಾವತ್ತೂ ಬರ ಇರಲಿಲ್ಲ ಅನ್ನಿ.

ಆದರೆ ಸಿಹಿಯಾಗಿ ಕೇಳುವ ಹಾಡೆಲ್ಲ ಪೊಳ್ಳು ಅಂತ ಅಲ್ಲ. 'ಸೈಲೆಂಟ್ ನೈಟ್' ಎಲ್ಲರಿಗೂ ಗೊತ್ತು, ಕನ್ನಡದಲ್ಲೂ ಅದೇ ರಾಗದಲ್ಲಿ ಹಾಡುತ್ತೇವೆ. ಆಸ್ಟ್ರಿಯಾದ ಒಬೆರ್ನ್‌ಡಾರ್ಫ್ ಅನ್ನುವ ಊರಿನಲ್ಲಿ 1818ರ ಡಿಸೆಂಬರ್ 24ರ ರಾತ್ರಿ ಗಿಟಾರ್ ಜೊತೆ ಮೊದಲ ಸಲ ಹಾಡಿದ್ದು. ರಾಗ ಹಾಕಿದ್ದು ಸ್ಕೂಲ್ ಮೇಷ್ಟ್ರು ಫ್ರಾನ್ಸ್ ಗ್ರೂಬರ್. ಮಾತು ಬರೆದದ್ದು ಜೋಸೆಫ್ ಮೋರ್ ಅನ್ನುವ ಯುವ ಪಾದ್ರಿ, ಅದಕ್ಕೂ ಎರಡು ವರ್ಷ ಮೊದಲು. ಈ ಮೋರ್ ಹುಟ್ಟಿದಾಗ ಅವನ ತಾಯಿಗೆ ಮದುವೆ ಆಗಿರಲಿಲ್ಲ. ಅಪ್ಪ ಸೈನ್ಯ ಬಿಟ್ಟು ಓಡಿಹೋದ ಸಿಪಾಯಿ. ಅಂಥ ಹುಟ್ಟಿನವನು ಪಾದ್ರಿ ಆಗಬೇಕು ಅಂದ್ರೆ ಆಗ ವಿಶೇಷ ಅನುಮತಿ ತರಬೇಕಿತ್ತು, ತಂದ. ತಾಯಿ ಮಡಿಲಿನ ಮಗುವಿನ ಬಗ್ಗೆ ಇವನು ಅಷ್ಟು ಮೆತ್ತಗೆ ಬರೆದದ್ದು ಓದಿದಾಗ ನನಗೆ ಆ ಹಾಡು ಸಿಹಿ ಅನಿಸುವುದು ನಿಂತುಹೋಯಿತು. ಊರಿನವರ ಬಾಯಿಗೆ ಬಿದ್ದ ತಾಯಿಯ ಮಗ ಅದನ್ನು ಬರೆದಿದ್ದಾನೆ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಕೇಳಿದವರು ನಮ್ಮ ಬೀದಿಯ ಒಬ್ಬ ಅಜ್ಜ. ಹತ್ತಿ ಗಿರಣಿಗಳ ಕಾಲದಲ್ಲಿ, ಅಂದ್ರೆ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ, ಮಿಲ್ಲಿನಲ್ಲಿ ದುಡಿದವರು, ಯೂನಿಯನ್ನಿನಲ್ಲಿ ಇದ್ದವರು. "ನೋಡು ತಂಗಿ, ಬಡತನನ ಹಿಂಗೆ ಹಾಡಿ ಹೊಗಳಿದ್ರೆ ಯಾರಿಗೆ ಲಾಭ? ದೇವರೇ ಗುಡಿಸಲಲ್ಲಿ ಹುಟ್ಟಿದ, ನಂದೇನು ದೊಡ್ಡದು ಅಂತ ಬಡವ ಸುಮ್ನಿರ್ತಾನೆ. ಮಾಲೀಕ ಆರಾಮಾಗಿರ್ತಾನೆ," ಅಂದರು.

ಅಜ್ಜ ಹೇಳಿದ್ದು ಸುಳ್ಳಲ್ಲ. ಹಾಗೆ ಬಳಸಿದ ಹಾಡುಗಳಿವೆ. ಸಿಸಿಲ್ ಫ್ರಾನ್ಸಿಸ್ ಅಲೆಕ್ಸಾಂಡರ್ ಅನ್ನುವ ಹೆಣ್ಣುಮಗಳು 1848ರಲ್ಲಿ ಪುಟ್ಟ ಮಕ್ಕಳಿಗಾಗಿ ಒಂದು ಹಾಡಿನ ಪುಸ್ತಕ ತಂದಳು. 'ಒನ್ಸ್ ಇನ್ ರಾಯಲ್ ಡೇವಿಡ್ಸ್ ಸಿಟಿ' ಇರುವುದು ಅದರಲ್ಲೇ. ರಕ್ಷಕ ಬಡವರ ಜೊತೆ, ಕೀಳು ಅನಿಸಿಕೊಂಡವರ ಜೊತೆ ಬಾಳಿದ ಅಂತ ಎಷ್ಟು ಚೆನ್ನಾಗಿ ಬರೆದಿದ್ದಾಳೆ! ಮುಂದಿನ ಪದ್ಯಕ್ಕೆ ಬರುವಷ್ಟರಲ್ಲಿ, ಆದ್ದರಿಂದ ಮಕ್ಕಳೇ ನೀವೂ ಅವನ ಹಾಗೆ ಮೆದುವಾಗಿ, ಹೇಳಿದ ಮಾತು ಕೇಳಿಕೊಂಡು ಇರಬೇಕು ಅನ್ನುತ್ತಾಳೆ. ಅದೇ ಪುಸ್ತಕದ ಇನ್ನೊಂದು ಹಾಡಿನಲ್ಲಿ, ಶ್ರೀಮಂತ ಕೋಟೆಯಲ್ಲಿ, ಬಡವ ಅವನ ಬಾಗಿಲಲ್ಲಿ, ಇಬ್ಬರನ್ನೂ ಅವರವರ ಜಾಗದಲ್ಲಿ ಇಟ್ಟವನು ದೇವರೇ ಅಂತ ಒಂದು ಪದ್ಯ ಇದೆ. ಐರ್ಲೆಂಡಿನಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದ ವರ್ಷಗಳಲ್ಲಿ, ಅದೇ ಐರ್ಲೆಂಡಿನಲ್ಲಿ ಕುಳಿತು ಬರೆದ ಮಾತು. ಈಗ ಬಹಳಷ್ಟು ಹಾಡಿನ ಪುಸ್ತಕಗಳು ಆ ಪದ್ಯ ಬಿಟ್ಟಿವೆ. ಬಿಟ್ಟದ್ದೇ ಒಳ್ಳೆಯದಾಯ್ತು. ಗೋದಲಿಯ ಕಥೆಯನ್ನು ಅಷ್ಟು ಚೆನ್ನಾಗಿ ಹಾಡಿದವಳೇ ಅದರ ಅರ್ಥ ಕೈಬಿಟ್ಟಳಲ್ಲ ಅಂತ ನನಗೆ ಸಿಟ್ಟು ಬರುತ್ತದೆ.

ಅಜ್ಜನಿಗೆ ನಾನು ತೋರಿಸಿದ್ದು ಬೇರೆ ಎರಡು ಹಾಡು. ಒಂದು 'ಓ ಹೋಲಿ ನೈಟ್'. 1847ರಲ್ಲಿ ಫ್ರೆಂಚಿನಲ್ಲಿ ಹುಟ್ಟಿದ್ದು, ಬರೆದವನು ವೈನ್ ವ್ಯಾಪಾರಿ. ಮೊದಲು ಬರೀ ಗುಲಾಮ ಇದ್ದ ಕಡೆ ಈಗ ಅಣ್ಣತಮ್ಮ ಕಾಣುತ್ತಾನೆ, ಕ್ರಿಸ್ತ ಬೇಡಿ ಕಳಚಿದ್ದಾನೆ ಅಂತ ಅದರಲ್ಲಿದೆ. 1855ರಲ್ಲಿ ಅದು ಅಮೆರಿಕದಲ್ಲಿ ಇಂಗ್ಲಿಷಿಗೆ ಬಂತು. ಅಲ್ಲಿ ಗುಲಾಮಗಿರಿ ನಿಂತದ್ದು 1865ರಲ್ಲಿ. ಅಂದ್ರೆ ಮನುಷ್ಯರನ್ನು ಮಾರುತ್ತಿದ್ದ ದೇಶದಲ್ಲಿ ಕ್ರಿಸ್ಮಸ್ ಹಾಡಾಗಿ ಹಾಡಿದ್ದು ಇದನ್ನು.

ಇನ್ನೊಂದು ಎಲ್ಲ ಕ್ರಿಸ್ಮಸ್ ಹಾಡುಗಳಿಗೂ ಹಿರಿಯದು, ಮರಿಯಮ್ಮನವರದೇ ಹಾಡು. ಲೂಕನ ಮೊದಲ ಅಧ್ಯಾಯದಲ್ಲಿದೆ. ಮಗು ಇನ್ನೂ ಹೊಟ್ಟೆಯಲ್ಲಿರುವಾಗ, ನಂಟಳು ಎಲಿಜಬೆತ್ ಮನೆಯಲ್ಲಿ ನಿಂತು ಹಾಡಿದ್ದು. ನಮ್ಮ ಪಾದ್ರಿಗಳು, ಸಿಸ್ಟರ್‌ಗಳು ಸಂಜೆಯ ಪ್ರಾರ್ಥನೆಯಲ್ಲಿ ಇದನ್ನು ದಿನಾ ಹೇಳುತ್ತಾರೆ. ದೇವರು ದೊರೆಗಳನ್ನು ಗದ್ದುಗೆಯಿಂದ ಇಳಿಸಿದ, ದೀನರನ್ನು ಮೇಲೆತ್ತಿದ, ಹಸಿದವರ ಹೊಟ್ಟೆ ತುಂಬಿಸಿದ, ಉಳ್ಳವರನ್ನು ಬರಿಗೈಲಿ ಕಳಿಸಿದ ಅನ್ನುತ್ತಾಳೆ. ಇದನ್ನು ಹಾಡಿದ ಮೇಲೆ ಆ ತಾಯಿ ಹೆತ್ತು ಮಗುವನ್ನು ಗೋದಲಿಯಲ್ಲಿ ಮಲಗಿಸಿದ್ದು. ಈ ಕ್ರಮದಲ್ಲಿ ಓದಿದರೆ ಗೋದಲಿ ಬಡತನದ ಹೊಗಳಿಕೆ ಅನಿಸುವುದಿಲ್ಲ. ಇರುವುದೇ ಸರಿ ಅನ್ನುವ ಕಥೆಯಲ್ಲ ಇದು. ಗದ್ದುಗೆ ಖಾಲಿ ಮಾಡಿಸಲು ಬಂದವನು ಗದ್ದುಗೆಯ ಮೇಲೆ ಹುಟ್ಟೋಕೆ ಆಗುತ್ತದಾ?

ಅಜ್ಜ ಕನ್ನಡಕ ಏರಿಸಿ ನನ್ನ ಫೋನಿನಲ್ಲಿ ಆ ಹಾಡನ್ನು ಪೂರ್ತಿ ಓದಿದರು. "ಇದನ್ನ ಬೀದೀಲಿ ಹಾಡ್ತೀರೇನು?" ಅಂದರು. ಬೀದಿಯಲ್ಲಿ ಹಾಡಲ್ಲ ಅಜ್ಜ, ಒಳಗೆ ಮಾತ್ರ ಅಂದೆ. "ಮತ್ತೆ ಬೀದೀಲಿ ಏನು ಹಾಡ್ತೀರಿ?" ಜಿಂಗಲ್ ಬೆಲ್ಸ್ ಅಂದೆ. ಅದು 1857ರ ಅಮೆರಿಕದ ಜಾರುಬಂಡಿ ಹಾಡು, ಅದರಲ್ಲಿ ಕ್ರಿಸ್ತನೂ ಇಲ್ಲ, ಕ್ರಿಸ್ಮಸ್ಸೂ ಇಲ್ಲ. ಅಜ್ಜ ನಕ್ಕರು, ನನಗೆ ನಗು ಬರಲಿಲ್ಲ.

ಈ ವರ್ಷದ ಕ್ಯಾರಲ್ ಪಟ್ಟಿಯಲ್ಲಿ ಮರಿಯಮ್ಮನ ಹಾಡು ಎರಡನೆಯದು, ಡೋಲಕ್ ಜೊತೆ. ಜಿಂಗಲ್ ಬೆಲ್ಸ್ ತೆಗೆಯೋಣ ಅಂದೆ, ಮಕ್ಕಳು ಬಿಡಲಿಲ್ಲ. ಕೊನೆಗಿದೆ.